ಹೆಬ್ಬೆಟ್ಟಿನ ಮಾನಪ್ಪ

ನಮ್ಮ ಮನೆಯಲ್ಲಿ ತಿಂಗಳ ಮೊದಲ ಭಾನುವಾರ ನುಗ್ಗೇಕಾಯಿ ಸಾರು ಆಗಲೇಬೇಕು. ನನಗೆ ಅದು ಸೇರುವುದಿಲ್ಲ. ಚಿಕ್ಕವಳಿದ್ದಾಗ ಒಂದು ಸಲ ತಟ್ಟೆ ದೂಡಿದ್ದಕ್ಕೆ ಅಜ್ಜಿ, "ಮಾನಪ್ಪಗೂ ಸೇರ್ತಿದ್ದಿಲ್ಲ. ಆದ್ರೂ ಆರು ವರ್ಷ ಉಂಡ," ಎಂದಳು. ಮಾನಪ್ಪ ಯಾರು ಎಂದು ಕೇಳಿದೆ. ಅವಳು ಒಲೆ ಕಡೆ ತಿರುಗಿದಳು. ಅವಳ ಬಾಯಿಂದ ಅದು ಹೊರಬರಲು ಇನ್ನೂ ಹತ್ತು ವರ್ಷ ಹಿಡಿಯಿತು.

ನಾನು ಮಾನಪ್ಪನನ್ನು ನೋಡಿಲ್ಲ. ಅವನು ಸತ್ತಾಗ ನಾನು ಹುಟ್ಟಿರಲಿಲ್ಲ. ಅಜ್ಜಿ, ದಾನಮ್ಮ, ರಮಾಮಣಿ ಟೀಚರ್, ಈ ಮೂವರು ಬೇರೆ ಬೇರೆ ಹೊತ್ತಿನಲ್ಲಿ ಹೇಳಿದ್ದನ್ನು ನಾನು ಒಂದು ಕಡೆ ಸೇರಿಸುತ್ತಿದ್ದೇನೆ, ಅಷ್ಟೆ.

ನಮ್ಮಜ್ಜಿ ಸಾಬವ್ವ ಕಲಬುರಗಿ ಕಡೆಯವಳು. ಗಂಡ ತೀರಿಕೊಂಡ ಮೇಲೆ ಕಲ್ಯಾಣದ ಪಕ್ಕದ ವಿಠ್ಠಲವಾಡಿಯ ಚಾಳಿನ ಒಂದೇ ಖೋಲಿಯಲ್ಲಿ ಖಾನಾವಳಿ ನಡೆಸಿದಳು. ಪಕ್ಕದ ಖೋಲಿಯಲ್ಲಿ ಹಮಾಲರ ಒಂದು ಗ್ಯಾಂಗ್ ಇತ್ತು. ಎಂಟು ಜನ, ಎಲ್ಲರೂ ಕಲಬುರಗಿ, ವಿಜಯಪುರ, ರಾಯಚೂರು ಕಡೆಯವರು. ಬೆಳಗಿನ ಜಾವದ ಲೋಕಲ್ ಹಿಡಿದು, ಕುರ್ಲಾದಲ್ಲಿ ಗಾಡಿ ಬದಲಿಸಿ, ವಾಶಿ ಕಡೆ ಒಂದು ಖಾಸಗಿ ಗೋದಾಮಿಗೆ ಚೀಲ ಹೊರಲು ಹೋಗುತ್ತಿದ್ದರು. ಹೋಗುವಾಗ ಅಜ್ಜಿ ಒಬ್ಬೊಬ್ಬರಿಗೂ ನಾಲ್ಕು ಜೋಳದ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಇಟ್ಟು ಹಳೆಯ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದಳು.

ತೊಂಬತ್ತೊಂದರಲ್ಲಿ ಆ ಗ್ಯಾಂಗಿಗೆ ಒಂಬತ್ತನೆಯವನಾಗಿ ಮಾನಪ್ಪ ಬಂದ. ವಯಸ್ಸು ನಲವತ್ತರ ಆಚೆ. ಎಡಗಾಲು ಸ್ವಲ್ಪ ಎಳೆಯುತ್ತಿದ್ದ. ಊರು ರಾಯಚೂರು ಕಡೆ, ಡ್ಯಾಮಿನ ನೀರಿನಲ್ಲಿ ಮುಳುಗಿದೆ, ಹಿಂದೆ ಮುಂದೆ ಯಾರೂ ಇಲ್ಲ ಎಂದಿದ್ದ. ಓದು ಬರಹ ಇಲ್ಲ. ಸಂಬಳದ ಪಟ್ಟಿ ಬಂದರೆ ಬಲಗೈ ಹೆಬ್ಬೆಟ್ಟು ಒತ್ತಿ, ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ಬಂದುಬಿಡುತ್ತಿದ್ದ. ಗ್ಯಾಂಗಿನಲ್ಲಿ ಇನ್ನೂ ಮೂವರು ಹೆಬ್ಬೆಟ್ಟಿನವರಿದ್ದರು. ಆದರೂ ಹೆಬ್ಬೆಟ್ಟಿನ ಮಾನಪ್ಪ ಅನ್ನುವ ಹೆಸರು ಅವನಿಗೇ ಅಂಟಿತು. ಅಂಟಿಸಿದವನು ಅದೇ ಗ್ಯಾಂಗಿನ ಅಂಬಾದಾಸ.

ಅಂಬಾದಾಸನ ಬಾಯಿ ಸುಮ್ಮನಿರುತ್ತಿರಲಿಲ್ಲ. ಕೊರಳಲ್ಲಿ ತುಳಸಿ ಮಾಲೆ, ವರ್ಷಕ್ಕೊಮ್ಮೆ ಪಂಢರಪುರದ ದಿಂಡಿ ಯಾತ್ರೆ, ಗುರುವಾರ ಚಾಳಿನ ಭಜನೆಯಲ್ಲಿ ತಾಳ. ಹೆಂಡ ಮುಟ್ಟುವವನಲ್ಲ, ಬೀಡಿಯೂ ಇಲ್ಲ. ಮಾಲೆ ಹಾಕಿದವರನ್ನು ನಮ್ಮ ಕಡೆ ಮಾಳಕರಿ ಅನ್ನುತ್ತಾರೆ. ಹೆಂಡತಿ ದಾನಮ್ಮ, ಅವನು ಇಬ್ಬರೇ, ಚಾಳಿನ ಕೊನೆಯ ಖೋಲಿಯಲ್ಲಿ. ಗೆಳೆತನ ಮಾಡಿಕೊಳ್ಳದ ಮಾನಪ್ಪನ ಪಕ್ಕದಲ್ಲಿ ಗಾಡಿಯಲ್ಲಿ ಕೂರುತ್ತಿದ್ದವನು ಅವನೊಬ್ಬನೇ. ಕೂರುತ್ತಿದ್ದ ಅನ್ನುವುದೂ ಸರಿಯಲ್ಲ. ಗಾಡಿ ಮುಂಬ್ರಾ ಹತ್ತಿರ ಬಂದ ಕೂಡಲೇ ಮಾನಪ್ಪ ಎದ್ದು ಗುಡ್ಡದ ಕಡೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ಗುಡ್ಡ ದಾಟುವ ತನಕ ಅವನನ್ನು ಮಾತನಾಡಿಸಿದರೂ ಕೇಳುತ್ತಿರಲಿಲ್ಲ.

"ಏನ್ ನೋಡ್ತಿ ಅಲ್ಲಿ? ದಿನಾ ಅದ ಗುಡ್ಡ," ಅಂತ ಅಂಬಾದಾಸ.

"ಮ್ಯಾಲೆ ಗಿಡ ಎಷ್ಟದಾವ ನೋಡಾಕತ್ತಿದ್ದೆ."

"ಎಣಿಸಾಕರ ಬರ್ತದೇನು ನಿನಗ?"

ಮಾನಪ್ಪ ನಗುತ್ತಿದ್ದ. ಅವನು ನಗುತ್ತಿದ್ದದ್ದು ಅಂಬಾದಾಸ ಬೈದಾಗ ಮಾತ್ರ ಎಂದು ದಾನಮ್ಮ ಈಗಲೂ ಹೇಳುತ್ತಾಳೆ.

ನಾಗರ ಪಂಚಮಿಗೆ ಗ್ಯಾಂಗ್ ಇಡೀ ಊರಿಗೆ ಹೋಗುತ್ತಿತ್ತು. ಚಾಳು ಅರ್ಧ ಖಾಲಿ. ಅಜ್ಜಿ ಮಾನಪ್ಪನೊಬ್ಬನಿಗಾಗಿ ಒಲೆ ಹೊತ್ತಿಸಿ ರೊಟ್ಟಿ ಬಡಿಯುತ್ತಿದ್ದಳು. ಅವನು ಹೊಸ್ತಿಲ ಹೊರಗೆ ಕುಳಿತು ಉಣ್ಣುತ್ತಿದ್ದ, ಒಳಗೆ ಕರೆದರೂ ಬರುತ್ತಿರಲಿಲ್ಲ. ಅಜ್ಜಿಗೆ ತಮ್ಮಂದಿರಿರಲಿಲ್ಲ. ಒಂದು ಪಂಚಮಿಗೆ ಇವನ ಮುಂದೆ ಉಂಡಿ ಇಟ್ಟು, "ತಗೋ ತಮ್ಮಾ," ಎಂದಳಂತೆ. ಆವತ್ತಿನಿಂದ ಅವನು ಅಕ್ಕ ಅನ್ನಲು ಶುರು ಮಾಡಿದ.

ತಿಂಗಳ ಮೊದಲ ಭಾನುವಾರ ಮಾತ್ರ ಅವನು ಒಗೆದ ಅಂಗಿ ಹಾಕಿಕೊಂಡು, ಒಂದು ಕಟ್ಟು ನುಗ್ಗೇಕಾಯಿ ಹಿಡಿದು ಕಲ್ಯಾಣ ಸ್ಟೇಷನ್ನಿಗೆ ಹೋಗುತ್ತಿದ್ದ. ಯಾಕೆ ಎಂದು ಯಾರೂ ಕೇಳಲಿಲ್ಲ. ಸಂಜೆ ಅದೇ ನುಗ್ಗೇಕಾಯಿ ಹಿಡಿದು ಬರುತ್ತಿದ್ದ. ಅಜ್ಜಿ, ಪಾಪ, ಇವನಿಗೆ ಇದು ಇಷ್ಟವೆಂದು ತಿಳಿದು ಸಾರು ಮಾಡುತ್ತಿದ್ದಳು. ಅವನು ಉಣ್ಣುತ್ತಿದ್ದ.

ಅವನಿಗೆ ಓದಲು ಬರುತ್ತದೆ ಅನ್ನುವುದು ಅಜ್ಜಿಗೆ ಗೊತ್ತಾದದ್ದು ರೊಟ್ಟಿ ಸುತ್ತುವ ಪೇಪರಿನಿಂದ. ಉಳಿದವರು ಉಂಡು ಕಾಗದ ಎಸೆದು ಬರುತ್ತಿದ್ದರು. ಇವನು ಎಣ್ಣೆಯಾದ ಕಾಗದವನ್ನೂ ಮಡಚಿ ಜೇಬಿನಲ್ಲಿ ತರುತ್ತಿದ್ದ. ಒಂದು ದಿನ ಅಜ್ಜಿ ಹಾಳೆಯನ್ನು ನಡುವೆ ಹರಿದು ಅರ್ಧ ಇವನಿಗೆ, ಅರ್ಧ ಅಂಬಾದಾಸನಿಗೆ ಸುತ್ತಿದ್ದಳು. ಮರುದಿನ ಇವನು ತಲೆ ಕೆರೆದುಕೊಳ್ಳುತ್ತಾ ಬಂದು ನಿಂತ.

"ಅಕ್ಕಾ, ನಿನ್ನಿ ಹಾಳಿದು ಇನ್ನರ್ಧ ಅದ ಏನು?"

"ಓದಾಕ ಬರದಾಂವಗ ಇನ್ನರ್ಧ ಯಾಕಪಾ?"

ಅವನು ಸ್ವಲ್ಪ ಹೊತ್ತು ಬಾಗಿಲ ಚೌಕಟ್ಟು ನೋಡಿದ. "ಒಂದು ಚಿತ್ರ ಇತ್ತು. ಅರ್ಧಾ ಹರದಿತ್ತು," ಎಂದ.

ಮಾರನೆಯ ದಿನದಿಂದ ಅವನ ರೊಟ್ಟಿಗೆ ಮಾತ್ರ ಇಡೀ ಹಾಳೆ. ಅದೂ ಚಿತ್ರ ಕಡಿಮೆ, ಅಕ್ಷರ ಹೆಚ್ಚು ಇದ್ದದ್ದು. ಇವನು ಯಾಕೆ ಮುಚ್ಚಿಡುತ್ತಾನೆ ಎಂದು ಅಜ್ಜಿ ಕೇಳಲಿಲ್ಲ. ಮುಚ್ಚಿಟ್ಟುಕೊಂಡವರು ಆ ಚಾಳಿನಲ್ಲಿ ಬಹಳ ಜನರಿದ್ದರು. ಊರಲ್ಲಿ ಹೆಂಡತಿ ಬಿಟ್ಟವರು, ಜಾತಿ ಬಿಟ್ಟು ಲಗ್ನವಾದವರು.

ತೊಂಬತ್ತನಾಲ್ಕರಲ್ಲಿ ರಮಾಮಣಿ ಟೀಚರ್ ಬಂದರು. ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ಮನೆ, ಗಂಡ ಹೋಟೆಲಿನಲ್ಲಿ ಮ್ಯಾನೇಜರ್. ಸಾಕ್ಷರತಾ ಆಂದೋಲನದವರು ಕೊಟ್ಟ ಸ್ಲೇಟು, ಬಳಪ ಹಿಡಿದು ಭಾನುವಾರ ಮಧ್ಯಾಹ್ನ ಚಾಳಿನ ಗಣಪತಿ ಕಟ್ಟೆಯ ಮೇಲೆ ಕನ್ನಡ ಅಕ್ಷರ ಕಲಿಸುತ್ತಿದ್ದರು. ಅಜ್ಜಿ ಎರಡೇ ತಿಂಗಳಲ್ಲಿ ತನ್ನ ಹೆಸರು ಬರೆದಳು. ಹಾಲಿನವನ ಕಾರ್ಡಿನ ಮೇಲೂ ಬರೆದಳು, ಡಬ್ಬಿಗಳ ಮೇಲೂ ಬರೆದಳು. ಮಾನಪ್ಪನನ್ನು ಅಂಬಾದಾಸ ಎಳೆದುಕೊಂಡು ಬಂದು ಕೂರಿಸಿದ. ಬರುವುದಿಲ್ಲ ಎಂದು ಹಟ ಹಿಡಿದರೆ ಅನುಮಾನ ಬರುತ್ತದೆಂದು ಅವನು ಕುಳಿತಿರಬೇಕು.

"ಮಾನಪ್ಪನವರೇ, ಮೂರು ತಿಂಗಳಾಯ್ತು ಮಾರಾಯ್ರೆ. ನೀವಿನ್ನೂ ಅ ಆ ದಾಟಲೇ ಇಲ್ಲ," ಅಂದರು ರಮಾಮಣಿ.

"ಕೈ ಹೊಳ್ಳಂಗಿಲ್ಲ ನೋಡ್ರಿ ಟೀಚರ್."

"ಅಂವ ಚೀಲ ಹೊರಾಕ ಅಷ್ಟ ಹುಟ್ಟ್ಯಾನ್ರಿ," ಅಂದ ಅಂಬಾದಾಸ. ಅವನು ಅಷ್ಟರಲ್ಲಿ ದಾನಮ್ಮನ ಹೆಸರು ಬರೆಯುತ್ತಿದ್ದ, ಕೊನೆಯ ಒತ್ತಕ್ಷರ ಬಿಟ್ಟು.

ರಮಾಮಣಿ ಟೀಚರ್ ಆಮೇಲೆ ಹೇಳಿದ್ದು ಇದು: "ಬರದವರು ಒಂದೇ ತಪ್ಪನ್ನು ದಿನಾ ಮಾಡ್ತಾರೆ. ಇವರು ಬಂದಾಗಲೆಲ್ಲ ಹೊಸ ತಪ್ಪು ಮಾಡ್ತಿದ್ರು. ಯೋಚನೆ ಮಾಡಿ ಮಾಡಿದ ಹಾಗೆ. ನನಗೆ ಆಗಲೇ ಹೊಳೀಬೇಕಿತ್ತು."

ತೊಂಬತ್ತೇಳರ ಗಣಪತಿ ಹಬ್ಬ ಮುಗಿದ ವಾರ ಅಂಬಾದಾಸ ಸತ್ತ. ಗೋದಾಮಿನಲ್ಲಿ ಒಂದರ ಮೇಲೊಂದು ಒಟ್ಟಿದ ಚೀಲಗಳ ಥಪ್ಪಿ ಹನ್ನೆರಡು ಸಾಲಿಗಿಂತ ಎತ್ತರ ಹೋಗಬಾರದು ಎಂದು ಗ್ಯಾಂಗ್ ಹೇಳಿತ್ತು. ಜಾಗವಿಲ್ಲ ಎಂದು ಮಾಲೀಕ ಹದಿನಾರು ಏರಿಸಿದ್ದ. ಹತ್ತು ಗಂಟೆಗೆ ಥಪ್ಪಿ ವಾಲಿತು. ಕೆಳಗೆ ಅಂಬಾದಾಸನಿದ್ದ. ಅವನ ಮೇಲಿನ ಚೀಲ ಎಳೆದವರಲ್ಲಿ ಮಾನಪ್ಪ ಮೊದಲಿನವನು. ಉಸಿರಿರಲಿಲ್ಲ.

ದಾನಮ್ಮ ಬರುವಷ್ಟರಲ್ಲಿ ಪೊಲೀಸರು ಬಂದಿದ್ದರು. ಗೋದಾಮಿನ ಗುಮಾಸ್ತ ಪೊಲೀಸ್ ಸಾಹೇಬರ ಕಿವಿಯಲ್ಲಿ ಏನೋ ಹೇಳಿದ. ಸತ್ತವನು ಕುಡಿದಿದ್ದ, ತಾನೇ ಥಪ್ಪಿ ಹತ್ತಲು ಹೋಗಿ ಕೆಡವಿಕೊಂಡ ಅನ್ನುವುದು ಸಾಯಂಕಾಲದ ಹೊತ್ತಿಗೆ ಗೇಟಿನ ಹೊರಗೂ ಹಬ್ಬಿತು. ಚಾಳಿನಿಂದ ಬಂದಿದ್ದ ಭಜನಾ ಮಂಡಳಿಯ ಹಿರಿಯರು ದೂರ ಸರಿದು ನಿಂತರು. ಅವರದೊಂದು ಕಟ್ಟಳೆ ಇದೆ. ಮಾಳಕರಿ ಸತ್ತರೆ ಹೆಣದ ಮುಂದೆ ತಾಳ ಬಾರಿಸುತ್ತಾ, ವಿಠಲನ ಹೆಸರು ಹೇಳುತ್ತಾ ಹೋಗಬೇಕು. ಕುಡಿದು ಸತ್ತನೆಂದರೆ ಮಾಲೆ ಬಿಚ್ಚಬೇಕು, ತಾಳವಿಲ್ಲ, ಮಂಡಳಿಯವರ ಹೆಗಲೂ ಇಲ್ಲ.

"ಹತ್ತು ವರ್ಷ ನಿಮ್ಮ ಸಂಗಟ ತಾಳ ಬಾರಿಸ್ಯಾನ. ನಿಮಗ ಗೊತ್ತಿಲ್ಲೇನು?" ಅಂತ ದಾನಮ್ಮ ಕೇಳಿದಳು.

"ನಮಗ ಗೊತ್ತದವ್ವಾ. ಆದ್ರ ಸರ್ಕಾರಿ ಕಾಗದದಾಗ ಏನ್ ಬರ್ತದ ನೋಡೂಣು. ನಾಳಿ ಮಂದಿ ನಮ್ಮನ್ನ ಕೇಳ್ತಾರ," ಅಂದರು ಹಿರಿಯರು.

ಆ ಕಾಗದಕ್ಕೆ ಪಂಚನಾಮೆ ಅನ್ನುತ್ತಾರೆ. ಅದರ ಕೆಳಗೆ ಇಬ್ಬರು ಪಂಚರು ಸಾಕ್ಷಿ ಹಾಕಬೇಕು. ಗುಮಾಸ್ತ ಗ್ಯಾಂಗಿನ ಕಡೆ ಕೈ ಮಾಡಿ ಇಬ್ಬರನ್ನು ಆರಿಸಿದ. ಒಬ್ಬ ಗ್ಯಾಂಗಿನ ಮೇಸ್ತ್ರಿ ಮುಕಾದಮ, ಇನ್ನೊಬ್ಬ ಮಾನಪ್ಪ. ಇಬ್ಬರೂ ಹೆಬ್ಬೆಟ್ಟಿನವರು ಅನ್ನುವ ಕಾರಣಕ್ಕೇ ಆರಿಸಿದ್ದು. ಸಂಬಳದ ಪಟ್ಟಿ ಗುಮಾಸ್ತನ ಹತ್ತಿರವೇ ಇತ್ತಲ್ಲ.

ಒಳಗೆ ಹೋಗುವಾಗ ದಾನಮ್ಮ ಮಾನಪ್ಪನ ಅಂಗಿಯ ತುದಿ ಹಿಡಿದಳು. "ಅಣ್ಣಾ, ಅವರ ಮಾಲಿ ಬಿಚ್ಚಬ್ಯಾಡ್ರಿ ಅಂತ ಹೇಳು."

"ಹೇಳ್ತೀನವ್ವಾ," ಅಂದ. ಆ ಹೊತ್ತಿನಲ್ಲಿ ಅವನು ಬರೀ ಸಮಾಧಾನಕ್ಕೆ ಅಂದದ್ದು ಎಂದು ದಾನಮ್ಮ ತಿಳಿದಿದ್ದಳು.

ಮೇಜಿನ ಮೇಲೆ ಕಾಗದವಿತ್ತು, ಮರಾಠಿಯಲ್ಲಿ. ಮುಕಾದಮ ಒತ್ತಿ ಈಚೆ ಬಂದ. ಮಾನಪ್ಪನ ಹೆಬ್ಬೆಟ್ಟಿಗೆ ಹವಾಲ್ದಾರ ಮಸಿ ಹಚ್ಚಿದ. ಬೆರಳು ಕಾಗದದ ಮೇಲೆ ಇಳಿಯುತ್ತಾ ಇಳಿಯುತ್ತಾ ನಿಂತಿತು. ಬಾಗಿಲಲ್ಲಿ ಗ್ಯಾಂಗಿನವರೆಲ್ಲ ನೋಡುತ್ತಿದ್ದರು. ಅವನು ಕಣ್ಣು ಮೇಲೆ ಎತ್ತಲಿಲ್ಲ, ಕಾಗದದ ಮೇಲೇ ಇಟ್ಟಿದ್ದ. ಹವಾಲ್ದಾರ "ಲಾವ್ ರೇ", ಒತ್ತೋ, ಎಂದು ಎರಡು ಸಲ ಅಂದ.

ಆಗ ಮಾನಪ್ಪ ಮರಾಠಿಯಲ್ಲಿ, ಅವನ ಬಾಯಿಂದ ಯಾರೂ ಕೇಳಿರದಂಥ ನೆಟ್ಟಗಿನ ಮರಾಠಿಯಲ್ಲಿ, "ಸಾಹೇಬರೇ, ಏಳನೇ ಸಾಲಿನಲ್ಲಿ ಇವನು ಮದ್ಯಪಾನ ಮಾಡಿದ್ದ ಎಂದು ಬರೆದಿದ್ದೀರಿ. ಇವನು ಮಾಳಕರಿ. ಒಂಬತ್ತನೇ ಸಾಲಿನಲ್ಲಿ ಥಪ್ಪಿ ಹನ್ನೆರಡು ಸಾಲಿತ್ತು ಎಂದಿದೆ. ಹದಿನಾರು ಇತ್ತು. ಉಳಿದ ಥಪ್ಪಿಗಳು ಇನ್ನೂ ಹಾಗೇ ಇವೆ, ಎಣಿಸಬಹುದು," ಎಂದ. ಬಾಗಿಲ ಕಡೆ ತಿರುಗಿ ಅದನ್ನೇ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದ. ಹೊರಗೆ ನಿಂತ ಮಂಡಳಿಯ ಹಿರಿಯರಿಗೂ ಕೇಳಿಸಿತು.

ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಬಾಗಿಲಲ್ಲಿ ಅಷ್ಟು ಹೊತ್ತಿಗೆ ಬೇರೆ ಗ್ಯಾಂಗಿನ ಹಮಾಲರೂ ಸೇರಿದ್ದರು, ಐವತ್ತು ಜನ. ಹೊಸ ಕಾಗದ ತರಿಸಿದರು. ಬರೆಯುತ್ತಲೇ ಕೇಳಿದರು, "ಎಷ್ಟು ಓದಿದ್ದೀಯ?"

"ಸಾಕ್ಷರತಾ ಕ್ಲಾಸಿಗೆ ಹೋಗ್ತೀನಿ."

"ಒಳ್ಳೇ ಕ್ಲಾಸು. ಓದಲು ಬರುವವನು ಹೆಬ್ಬೆಟ್ಟು ಯಾಕೆ ಒತ್ತುತ್ತಾನೆ? ಸಹಿ ಮಾಡು."

ಪೆನ್ನು ಕೊಟ್ಟರು. ಮಾನಪ್ಪ ಎಂದು ಅವನು ಕೈ ಎತ್ತದೆ ಒಂದೇ ಓಟದಲ್ಲಿ ಬರೆದ. ಸಾಹೇಬರು ಆ ಸಹಿಯನ್ನು ಬಹಳ ಹೊತ್ತು ನೋಡಿದರಂತೆ. ಆಮೇಲೆ ಅವನ ಎಳೆಯುವ ಕಾಲನ್ನು ನೋಡಿದರಂತೆ.

ಮರುದಿನ ಅಂಬಾದಾಸ ಮಾಲೆ ಹಾಕಿಕೊಂಡೇ ಹೋದ. ಮಂಡಳಿ ಹೆಗಲು ಕೊಟ್ಟಿತು. ಅವನ ತಾಳವನ್ನು ಬಾರಿಸಲು ಮಾನಪ್ಪನಿಗೆ ಕೊಟ್ಟರು. ಅವನಿಗೆ ತಾಳ ಬಾರಿಸಲು ಮಾತ್ರ ನಿಜವಾಗಿಯೂ ಬರುತ್ತಿರಲಿಲ್ಲ, ಇಡೀ ದಾರಿ ತಪ್ಪು ಬಾರಿಸಿದ ಎಂದು ದಾನಮ್ಮ ಹೇಳುತ್ತಾಳೆ.

ಮಣ್ಣು ಮಾಡಿ ಬಂದು ಸ್ನಾನವಾದ ಮೇಲೆ ಅಜ್ಜಿ ಅವನಿಗೆ ಚಹಾ ಕೊಟ್ಟಳು. ಅವತ್ತು ಮೊದಲ ಬಾರಿಗೆ ಅವನು ಹೊಸ್ತಿಲ ಒಳಗೆ ಕುಳಿತ.

"ನಿನಗ ಓದಾಕ ಬರ್ತದಂತ ನನಗ ಗೊತ್ತಿತ್ತು ತಮ್ಮಾ," ಅಂದಳು.

"ನಿನಗ ಗೊತ್ತದಂತ ನನಗೂ ಗೊತ್ತಿತ್ತಕ್ಕ. ಇಡೀ ಹಾಳಿ ಕೊಡಾಕ ಹತ್ತಿದಿಯಲ್ಲ."

"ಯಾರು ನೀನು?"

ಅವನು ಚಹಾದ ಬಟ್ಟಲು ಕೆಳಗಿಟ್ಟ. "ಇವತ್ತ ನಾಳಿ ಪೊಲೀಸ್ರು ಬರ್ತಾರ. ಒಂದು ಫೋಟೋ ತರ್ತಾರ. ನಮ್ಮ ಮಾನಪ್ಪ ಇಂವಲ್ಲ ಅನ್ನು. ನೀ ಹೂಂ ಅಂದ್ರ ಗ್ಯಾಂಗಿನವರೆಲ್ಲಾ ಒಳಗ ಹೋಗ್ತಾರ. ಅವರಿಗೂ ಹೇಳೀನಿ."

"ಹಂಗಾದ್ರ ಇಲ್ಯಾಕ ಕುಂತಿ? ಹೋಗು."

"ಎಲ್ಲಿಗೆ?" ಅಂದ.

ಆಮೇಲೆ ನುಗ್ಗೇಕಾಯಿಯ ಸಂಗತಿ ಹೇಳಿದ. ಕಲ್ಯಾಣ ಸ್ಟೇಷನ್ನಿನ ನಾಲ್ಕನೇ ಪ್ಲಾಟ್‌ಫಾರ್ಮು, ಕ್ಯಾಂಟೀನಿನ ಪಕ್ಕದ ಬೆಂಚು. ತಿಂಗಳ ಮೊದಲ ಭಾನುವಾರ ಅವನು ನುಗ್ಗೇಕಾಯಿ ಹಿಡಿದು ಕೂರಬೇಕು. ಅವನ ಕಡೆಯವರೊಬ್ಬರು ಬಂದು ಯಾವ ಊರಿನ ಕಾಯಿ ಎಂದು ಕೇಳುತ್ತಾರೆ. ಮೊದಲು ಬರುತ್ತಿದ್ದರು. ಎರಡು ವರ್ಷದಿಂದ ಯಾರೂ ಬಂದಿಲ್ಲ. ಸತ್ತರೋ, ಜೈಲಿಗೆ ಹೋದರೋ, ಇವನನ್ನು ಮರೆತರೋ ಗೊತ್ತಿಲ್ಲ. ಬೇರೆ ಯಾರ ವಿಳಾಸವೂ ಅವನ ಹತ್ತಿರ ಇರಲಿಲ್ಲ. ಇರಬಾರದು ಅನ್ನುವುದೇ ಅವರ ಕಟ್ಟಳೆಯಂತೆ.

"ಎರಡು ವರ್ಷ ಸುಮ್ನ ಹೋಗಿ ಕುಂತು ಬಂದಿಯೇನು?"

"ಒಂದು ಭಾನುವಾರ ತಪ್ಪಿಸಿದ್ರ, ಆವತ್ತ ಬಂದುಬಿಟ್ರ?"

ಮರುದಿನ ಬೆಳಿಗ್ಗೆ ಎಲ್ಲರಂತೆ ಅವನೂ ರೊಟ್ಟಿ ಗಂಟು ತೆಗೆದುಕೊಂಡ. ಅಂಗಿಯ ಎರಡನೇ ಗುಂಡಿ ಕಿತ್ತಿತ್ತು. ಕರಿಯ ಗುಂಡಿ ಇಲ್ಲದ್ದಕ್ಕೆ ಅಜ್ಜಿ ಬಿಳಿಯದೊಂದು ಹಾಕಿ ಹೊಲಿದಳು. ಸ್ಟೇಷನ್ ತನಕ ಗ್ಯಾಂಗಿನ ಜೊತೆ ಹೋದ. ಗಾಡಿ ಹತ್ತಲಿಲ್ಲ. ಎತ್ತ ಹೋದ ಎಂದು ಯಾರಿಗೂ ಗೊತ್ತಿಲ್ಲ.

ಅವನು ಹೋದ ಹನ್ನೆರಡನೇ ದಿನ ಭಾನುವಾರ. ರಮಾಮಣಿ ಟೀಚರ್ ಸ್ಲೇಟಿನ ಚೀಲದಲ್ಲಿ ಒಂದು ಕನ್ನಡ ಪೇಪರ್ ತಂದಿದ್ದರು. ಎಲ್ಲೋ ದೂರದ ಕಾಡಿನಲ್ಲಿ ಗುಂಡಿನ ಚಕಮಕಿ, ನಕ್ಸಲ್ ನಾಯಕ ಗುರುನಾಥ ಹತ. ಮಲಗಿಸಿದ ದೇಹದ ಫೋಟೋ. ಅಜ್ಜಿ ಮುಖ ನೋಡಲಿಲ್ಲ. ಕರಿ ಗುಂಡಿಗಳ ನಡುವೆ ಒಂದು ಬಿಳಿ ಗುಂಡಿ ನೋಡಿದಳು.

"ಸಾಬವ್ವಾ, ಇವರು ನಮ್ಮ ಮಾನಪ್ಪನವರಲ್ವಾ?"

"ಅಲ್ರಿ."

ಟೀಚರ್ ಅವಳನ್ನೇ ನೋಡಿದರು. "ಹಾಗಾದರೆ ಅಲ್ಲ," ಅಂದರು.

"ಯಾರೋ ಏನೋ. ಆದ್ರೂ ಏನ್ ಬರ್ದಾರ ಓದ್ರಿ."

ಟೀಚರ್ ಓದಿದರು. ರಾಯಚೂರು ಜಿಲ್ಲೆಯ ಶಾಲೆ ಮಾಸ್ತರರ ಮಗ. ವಕೀಲಿ ಓದು ಅರ್ಧಕ್ಕೆ ಬಿಟ್ಟು ಕಾಡು ಸೇರಿದವನು. ಕನ್ನಡ, ತೆಲುಗು, ಮರಾಠಿ, ಹಿಂದಿಯಲ್ಲಿ ಕರಪತ್ರ ಬರೆಯುತ್ತಿದ್ದ. ಹನ್ನೆರಡು ವರ್ಷ ಒಂದು ದಳದ ನಾಯಕ. ಕಾಲಿಗೆ ಗುಂಡು ಬಿದ್ದ ಮೇಲೆ ಆರು ವರ್ಷ ಕಾಣೆಯಾಗಿದ್ದ. ಅವನ ದಳದ ಕೈಯಲ್ಲಿ ಒಬ್ಬ ಜಮೀನುದಾರ, ಇಬ್ಬರು ಪೊಲೀಸ್ ಪೇದೆಗಳು ಸತ್ತಿದ್ದರು.

ಅಜ್ಜಿ ಕೇಳಿದಳು, "ಆ ಪೇದೆಗೋಳಿಗೆ ಹೆಂಡ್ರು ಮಕ್ಕಳು ಇದ್ರೇನ್ರಿ?"

"ಅದನ್ನು ಬರೆದಿಲ್ಲ."

"ಈ ಹೆಣ ಯಾರು ಒಯ್ದ್ರಂತ?"

"ವಾರಸುದಾರರು ಯಾರೂ ಬಂದಿಲ್ಲ ಅಂತ ಉಂಟು."

ದಾನಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ತನ್ನ ಗಂಡನಿಗೆ ತಾಳ, ಮಾಲೆ, ಹೆಗಲು ಎಲ್ಲವನ್ನೂ ಕೊಡಿಸಿದವನ ಹೆಣ ಎಲ್ಲೋ ಬಿದ್ದಿದೆ, ತಾನು ಹೋಗಿ ನನ್ನಣ್ಣ ಎಂದು ಹೇಳುತ್ತೇನೆ ಎಂದಳು. ಅಜ್ಜಿ ಅವಳ ಕೈ ಹಿಡಿದು ಒಳಗೆ ಕೂರಿಸಿದಳು. ಗ್ಯಾಂಗಿನವರು ಆಗ ತಾನೇ ಉಣ್ಣಲು ಬರುವ ಹೊತ್ತು. ಅವರನ್ನು ತೋರಿಸಿ, "ಇವರನ್ನ ಯಾರು ಬಿಡಿಸ್ಕೊಂಡು ಬರ್ತಾರ?" ಎಂದು ಕೇಳಿದಳು. ದಾನಮ್ಮ ಗೋಡೆ ಕಡೆ ತಿರುಗಿ ಅತ್ತಳು.

ಸೋಮವಾರ ಪೊಲೀಸರು ಬಂದರು. ಒಬ್ಬೊಬ್ಬರನ್ನೇ ಕರೆದು ಫೋಟೋ ತೋರಿಸಿದರು. ನಮ್ಮ ಮಾನಪ್ಪ ಊರಿಗೆ ಹೋಗ್ಯಾನ, ಇಂವ ಬ್ಯಾರೆ ಎಂದರು ಎಲ್ಲರೂ. ಕೊನೆಗೆ ಅಜ್ಜಿ. ಹವಾಲ್ದಾರ ಅವಳು ಹೇಳಿದ್ದನ್ನು ಬರೆದು ಕಾಗದ ಮುಂದೆ ದೂಡಿದ.

"ಮೊದಲ ಓದಿ ಹೇಳ್ರಿ. ಓದದ ನಾ ಒತ್ತಂಗಿಲ್ಲ," ಅಂದಳು.

ಅವನು ಗೊಣಗುತ್ತಾ ಓದಿದ. ಫೋಟೋದಲ್ಲಿರುವ ಮನುಷ್ಯ ನನಗೆ ಯಾರೂ ಅಲ್ಲ, ಇವನನ್ನು ನಾನು ನೋಡಿಲ್ಲ, ಇವನು ನನ್ನ ಕೈಯ ಅನ್ನ ಉಂಡಿಲ್ಲ. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಳು. ಪೆನ್ನು ಅಲ್ಲೇ ಇತ್ತು. ಹಾಲಿನ ಕಾರ್ಡಿನ ಮೇಲೆ, ಉಪ್ಪಿನ ಡಬ್ಬಿಯ ಮೇಲೆ ಹೆಸರು ಬರೆಯುತ್ತಿದ್ದವಳು ಅವತ್ತು ಪೆನ್ನು ಮುಟ್ಟಲಿಲ್ಲ. ಹೆಬ್ಬೆಟ್ಟು ಮುಂದೆ ಚಾಚಿದಳು.

ಮುಂದಿನ ತಿಂಗಳ ಮೊದಲ ಭಾನುವಾರ ಅವಳು ಕಲ್ಯಾಣಕ್ಕೆ ಹೋದಳು. ಮಾರ್ಕೆಟ್ಟಿನಲ್ಲಿ ಒಂದು ಕಟ್ಟು ನುಗ್ಗೇಕಾಯಿ ಕೊಂಡು, ನಾಲ್ಕನೇ ಪ್ಲಾಟ್‌ಫಾರ್ಮಿನಲ್ಲಿ ಕ್ಯಾಂಟೀನಿನ ಪಕ್ಕದ ಬೆಂಚಿನ ಮೇಲೆ ಕುಳಿತಳು. ಅವನ ಕಡೆಯವರು ಯಾರಾದರೂ ಬಂದರೆ, ಇನ್ನು ಅವನು ಬರುವುದಿಲ್ಲ, ಆರು ವರ್ಷದಲ್ಲಿ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ ಎಂದು ಹೇಳಬೇಕಿತ್ತು. ಗಾಡಿಗಳು ಬಂದವು, ಹೋದವು. ನಾಲ್ಕು ಗಂಟೆಯ ಹೊತ್ತಿಗೆ ಕೈಯಲ್ಲಿ ಚೀಲ ಹಿಡಿದ ಒಬ್ಬ ಹೆಂಗಸು ಬಂದು ಎದುರಿಗೆ ನಿಂತಳು. ಅಜ್ಜಿ ಕಟ್ಟನ್ನು ಕಾಣುವಂತೆ ಮುಂದೆ ಹಿಡಿದಳು.

"ಮಾವಶೀ, ಶೇಂಗಾ ಕಶಾ ದಿಲ್ಯಾ?" ಎಂದು ಆಕೆ ನುಗ್ಗೇಕಾಯಿಯ ರೇಟು ಕೇಳಿದಳು, ಮರಾಠಿಯಲ್ಲಿ ಅದಕ್ಕೆ ಶೇಂಗಾ ಅನ್ನುತ್ತಾರೆ.

"ಮಾರಾಕಲ್ಲವ್ವಾ," ಎಂದಳು ಅಜ್ಜಿ, ಕನ್ನಡದಲ್ಲೇ. ಕಟ್ಟನ್ನು ಮಡಿಲಿಗೆ ಎಳೆದುಕೊಂಡು ಕಸಾರಾ ಕಡೆಯಿಂದ ಬರುವ ಗಾಡಿಯನ್ನು ನೋಡುತ್ತಾ ಕುಳಿತಳು.